ಮೂವತ್ತೆರಡು ಗಾಲಿಯ ಗಾಡಿ

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ವಾಚ್ ರಿಪೇರಿ ಮಾಡುವ ನಾಗಪ್ಪನಿಗೆ ವಯಸ್ಸು ಐವತ್ತಾರಾದರೂ ಸ್ವಂತದ್ದೊಂದು ಗಾಡಿ ಇರಲಿಲ್ಲ. ಸೈಕಲ್ ಕೂಡ ಇರಲಿಲ್ಲ. ಇದು ಅಪರಾಧವೇನಲ್ಲ. ಅವನ ಅಂಗಡಿಗೂ ಮನೆಗೂ ಇನ್ನೂರು ಹೆಜ್ಜೆ. ಅಷ್ಟು ದೂರಕ್ಕೆ ಗಾಡಿ ಇಟ್ಟುಕೊಂಡವನನ್ನು ಕಂಡು ನಗಬೇಕೇ ಹೊರತು ಇಟ್ಟುಕೊಳ್ಳದವನನ್ನು ಕಂಡಲ್ಲ. ಆದರೆ ಲೋಕ ಹಾಗೆ ಯೋಚಿಸುವುದಿಲ್ಲ. ಅದರಲ್ಲೂ ಹೆಂಡತಿಯ ತವರಿನ ಲೋಕ ಖಂಡಿತ ಯೋಚಿಸುವುದಿಲ್ಲ. ವಸಂತಮ್ಮನ ತಮ್ಮ ಭೈರಪ್ಪ ಜಯಪುರದಲ್ಲಿ ಬಸ್ ಮಾಲೀಕ. ಅವನಿಗೆ ಎರಡು ಬಸ್ಸಿದ್ದವು. ಎರಡು ಸಾವಿರದ ಆರನೇ ಇಸವಿಯ ಶ್ರಾವಣದಲ್ಲಿ ಮೂರನೆಯದೂ ಬಂತು.

ಹೊಸ ಬಸ್ಸಿಗೆ ಶೃಂಗೇರಿಯಲ್ಲಿ ಪೂಜೆ. ನೆಂಟರೆಲ್ಲ ಸೇರಿದ್ದರು. ಬಸ್ಸಿಗೊಂದು ಹಾರ, ಭೈರಪ್ಪನಿಗೊಂದು ಹಾರ. ದೂರದಿಂದ ನೋಡಿದರೆ ಪೂಜೆ ಯಾವುದಕ್ಕೆಂದು ತಿಳಿಯುವಂತಿರಲಿಲ್ಲ. ಆರೂ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಅವು ಪಚ್ಚೆಂದು ಒಡೆಯುವಂತೆ ಬಸ್ಸನ್ನು ಮುಂದಕ್ಕೆ ಬಿಟ್ಟದ್ದಾಯಿತು. ಭೈರಪ್ಪ ಕೆಳಗಿಳಿದು ಬಂದು, ಎಲ್ಲರಿಗೂ ಕೇಳುವ ಹಾಗೆ ಭಾವನ ಹೆಗಲ ಮೇಲೆ ಕೈಯಿಟ್ಟ.

"ಭಾವ, ನೀವೂ ಒಂದು ಗಾಡಿ ಅಂತ ತಗೊಳ್ಳಿ ಮಾರಾಯ್ರೆ. ಮೂರು ಗಾಲೀದಾದ್ರೂ ಅಡ್ಡಿಲ್ಲ. ಮಕ್ಕಳು ಅದರಿಂದ್ಲೇ ಅಲ್ವಾ ಸುರು ಮಾಡೋದು!"

ನೆಂಟರು ನಕ್ಕರು. ವಸಂತಮ್ಮ ನಗಲಿಲ್ಲ, ತಲೆ ತಗ್ಗಿಸಿ ತನ್ನ ಕಾಲುಂಗುರ ನೋಡಿದಳು. ನಾಗಪ್ಪನಿಗೆ ನೆಂಟರ ನಗು ತಾಗಲಿಲ್ಲ, ಈ ತಗ್ಗಿದ ತಲೆ ತಾಗಿತು. ಮೂವತ್ತು ವರ್ಷದಿಂದ ತವರಿನ ಒಂದೊಂದು ಗಾಡಿಯ ಪೂಜೆಯಲ್ಲೂ ಅವಳು ಹೀಗೆ ಕಾಲುಂಗುರ ನೋಡುತ್ತ ಬಂದಿದ್ದಳು.

"ಈ ಸಲ ಆಯುಧಪೂಜೆಗೆ ನಮ್ಮನೆಗೆ ಬಾ ಭೈರಪ್ಪ," ಎಂದ ನಾಗಪ್ಪ. "ನನ್ನ ಗಾಡಿಗೆ ಪೂಜೆ. ನಿನ್ನ ಬಸ್ಸಿಗೆ ಆರು ಗಾಲಿ ಅಲ್ವಾ? ನಂದಕ್ಕೆ ಮೂವತ್ತೆರಡು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಒಂದು ವಿಷಯ ಇಲ್ಲೇ ಸ್ಪಷ್ಟಪಡಿಸಬೇಕು: ನಾಗಪ್ಪ ಸುಳ್ಳು ಹೇಳಿರಲಿಲ್ಲ. ಎರಡು ವರ್ಷದಿಂದ ಅವನು ಮನೆಯ ಹಿಂದಿನ ಕೋಣೆಯಲ್ಲಿ, ಒಂದು ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ, ಅದರ ಮೇಲೆ ಆಟದ ರೈಲುದಾರಿ ಕಟ್ಟುತ್ತಿದ್ದ. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಪುಟ್ಟ ರೈಲೊಂದು ಬರುತ್ತಿತ್ತಲ್ಲ, ಅವನು ಹುಟ್ಟುವ ಮೊದಲೇ ನಿಂತುಹೋದದ್ದು, ಅದನ್ನು ಮತ್ತೆ ಓಡಿಸಬೇಕೆಂಬುದು ಅವನ ಹಂಬಲ. ಸರ್ಕಾರ ಓಡಿಸುವ ಹಾಗೆ ಕಾಣಲಿಲ್ಲ. ಬಾಗಿಲ ಮೇಲೆ ಓಡಿಸಲು ಸರ್ಕಾರ ಬೇಕಿರಲಿಲ್ಲ. ಬೆರಳುದ್ದದ ಮನೆ, ಉಗುರುದ್ದದ ಜನ, ಹೊಟ್ಟು ಅಂಟಿಸಿ ಮಾಡಿದ ಗುಡ್ಡ, ನಾಲ್ಕು ಗಾಲಿಯ ಐದು ಡಬ್ಬಿ, ಎಲ್ಲ ತಯಾರಿದ್ದವು. ಆರು ಗಾಲಿಯ ಎರಡು ಉಗಿ ಎಂಜಿನ್ ಮಾತ್ರ ಕೊಳ್ಳಬೇಕಿತ್ತು: ಒಂದು ಎಳೆಯಲು, ಇನ್ನೊಂದು ಏರಿನಲ್ಲಿ ಹಿಂದಿನಿಂದ ತಳ್ಳಲು. ಲೆಕ್ಕ ಹಾಕಿ ನೋಡಿ, ಮೂವತ್ತೆರಡೇ ಆಗುತ್ತದೆ.

ಎಂಜಿನ್ ಕೊಳ್ಳಲು ಅವನು ಬೆಂಗಳೂರಿಗೆ ಹೋದ. ಅಂಗಡಿಯವನು ಒಂದೇ ಹಳಿಯ ಮೇಲೆ ಓಡುವ ಎರಡು ಅಳತೆಯ ಎಂಜಿನ್ ತೆಗೆದಿಟ್ಟ. ಒಂದು ಗತ್ತಿನ ಕಪ್ಪು ಎಂಜಿನ್. ಇನ್ನೊಂದು ಅದಕ್ಕಿಂತ ಒಂದು ಸುತ್ತು ಸಣ್ಣದು, ಹಸಿರು, ಕತ್ತು ಉದ್ದ ಮಾಡಿ ನೋಡುವ ಮಗುವಿನಂಥದು. ನಾಗಪ್ಪ ತನ್ನ ಕಣ್ಣಿಗೆ ರಿಪೇರಿಯ ಮಸೂರ ಸಿಕ್ಕಿಸಿಕೊಂಡು ಅರ್ಧ ಗಂಟೆ ನೋಡಿ, "ಈ ಸಣ್ಣದು ಎರಡು ಕೊಡಿ," ಎಂದ.

"ಸಾರ್, ನಿಮ್ಮ ಅಳತೆಯ ಮನೆ, ಜನಕ್ಕೆ ಇದು ಸ್ವಲ್ಪ ಚಿಕ್ಕದಾಗುತ್ತೆ. ಎಲ್ಲರೂ ದೊಡ್ಡದೇ ತಗೊಳ್ಳೋದು."

"ಎಲ್ಲರ ಮನೆ ಬಾಗಿಲೂ ಮೂರಡಿ ಅಗಲ ಇರೋಲ್ಲ ಸ್ವಾಮಿ. ನನ್ನ ತಿರುವಿನಲ್ಲಿ ನಿಮ್ಮ ದೊಡ್ಡದು ಹೊಟ್ಟೆ ಹೊರಗೆ ಹಾಕ್ಕೊಂಡು ಹೋಗ್ತದೆ. ಮತ್ತೆ ಎಂಜಿನ್ ಒಂದು ಕೂದಲು ಸಣ್ಣದಾದ್ರೆ ಗುಡ್ಡ ಒಂದು ಗೇಣು ಬೆಳೀತದೆ. ನಮ್ಮದು ಗುಡ್ಡದ ಸೀಮೆ. ಗುಡ್ಡ ದೊಡ್ಡದಿರಬೇಕು."

ಅಂಗಡಿಯವನಿಗೆ ಇದು ಹಿಡಿಸಲಿಲ್ಲ. ಹದಿನೈದು ದಿನದೊಳಗೆ ತಂದರೆ ದೊಡ್ಡದಕ್ಕೆ ಬದಲಾಯಿಸಿ ಕೊಡುವುದಾಗಿ ಚೀಟಿ ಬರೆದುಕೊಟ್ಟ. ನಾಗಪ್ಪ ಚೀಟಿಯನ್ನು ಜೇಬಿಗೆ ಹಾಕಿಕೊಂಡು ರಾತ್ರಿ ಬಸ್ಸು ಹತ್ತಿದ.

ಇತ್ತ ಕೊಪ್ಪದಲ್ಲಿ ಮೂವತ್ತೆರಡು ಗಾಲಿಯ ಗಾಡಿ ಬರುವ ಮೊದಲೇ ಓಡಾಡತೊಡಗಿತ್ತು. ನೆಂಟರಿಂದ ನೆಂಟರಿಗೆ, ಬಸ್ಸಿನಿಂದ ಬಸ್ಸಿಗೆ ಸುದ್ದಿ ಹಬ್ಬಿ, ಕೆರೆಕಟ್ಟೆಯವರೆಗೂ ಹೋಗಿ ತಿರುಗಿ ಬಂದಿತ್ತು. ಇಪ್ಪತ್ತೆರಡು ಗಾಲಿಯ ಲಾರಿ ಕಂಡವರು ಊರಲ್ಲಿ ಇಬ್ಬರಿದ್ದರು. ಮೂವತ್ತೆರಡು ಕಂಡವರು ಯಾರೂ ಇರಲಿಲ್ಲ; ಆದ್ದರಿಂದ ಅದರ ಬಗ್ಗೆ ಎಲ್ಲರಿಗೂ ಗೊತ್ತಿತ್ತು. ಅದು ಘಾಟಿ ಇಳಿಯುವಾಗ ಮುಂದಿನ ಗಾಲಿ ಆಗುಂಬೆಯಲ್ಲಿದ್ದರೆ ಹಿಂದಿನ ಗಾಲಿ ಕೊಪ್ಪದಲ್ಲಿರುತ್ತದೆ ಎಂದು ಹೋಟೆಲಿನಲ್ಲಿ ಒಬ್ಬರು ಹೇಳಿದರು.

ಮೊದಲು ಕಾರ್ಯಪ್ರವೃತ್ತನಾದವನು ಪಕ್ಕದ ಮನೆಯ ಮಹೇಶ್ವರ. ಒಂದು ಬೆಳಿಗ್ಗೆ ನಾಗಪ್ಪ ಎದ್ದು ಹೊರಗೆ ಬಂದರೆ, ಓಣಿಯ ಮೇಲೆ ಬಾಗಿದ್ದ ತನ್ನ ಹಲಸಿನ ಮರದ ಕೊಂಬೆಯನ್ನು ಮಹೇಶ್ವರ ಕಡಿಸುತ್ತಿದ್ದ. ಈ ಕೊಂಬೆಯ ವಿಷಯಕ್ಕೆ ಎರಡು ಮನೆಗೂ ಹನ್ನೊಂದು ವರ್ಷ ಮಾತಿರಲಿಲ್ಲ.

"ಎಂತ ಮಹೇಶ್ವರಣ್ಣ ಇದು?"

"ಇರ್ಲಿ ಬಿಡಿ ನಾಗಪ್ಪಣ್ಣ. ಗಾಡಿ ಒಳಗೆ ಬರುವಾಗ ಮೇಲೆ ತಾಗಬಾರ್ದಲ್ಲ. ನಮ್ಮ ಓಣೀಗೇ ಹೆಮ್ಮೆ. ನಮ್ಮ ಅಳಿಯನಿಗೆ ಹೆವಿ ಲೈಸೆನ್ಸ್ ಉಂಟು, ನೆನಪಿರ್ಲಿ."

ನಾಗಪ್ಪ ನಿಜ ಹೇಳೋಣವೆಂದುಕೊಂಡ. ಆದರೆ ಹನ್ನೊಂದು ವರ್ಷದ ಮೇಲೆ 'ಅಣ್ಣ' ಅನ್ನಿಸಿಕೊಂಡಿದ್ದ, ಬಾಯಿ ಬರಲಿಲ್ಲ. ಹೋಟೆಲಿಗೆ ಹೋದ. ಅಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟರು. ಇವರಿಗಾದರೂ ಹೇಳೋಣವೆಂದು ಬಾಯಿ ತೆರೆದ. ಬಾಯಿಗೆ ಬಿಸಿ ಗೋಳಿಬಜೆ ಬಂತು. ಹೀಗೆ ಪ್ರತಿ ಸಲವೂ ಸತ್ಯಕ್ಕೂ ನಾಗಪ್ಪನಿಗೂ ನಡುವೆ ಮರ್ಯಾದೆ ಅಡ್ಡ ಬರುತ್ತಿತ್ತು. ಐವತ್ತಾರು ವರ್ಷ ಬಾರದ್ದು ಒಂದೇ ವಾರದಲ್ಲಿ ಬಂದರೆ ಯಾರು ತಾನೇ ತಡೆಯುತ್ತಾರೆ?

ಆಮೇಲೆ ಬಂದವನು ಪಟ್ಟಣ ಪಂಚಾಯಿತಿಯ ರೇಣುಕಪ್ಪ. ಕೈಯಲ್ಲಿ ಅಳತೆ ಟೇಪು. ಓಣಿಯ ಅಗಲ ಅಳೆದ, ಚರಂಡಿಯ ಮೇಲಿನ ಚಪ್ಪಡಿಯನ್ನು ಮೂರು ಸಲ ಕಾಲಿನಿಂದ ಕುಟ್ಟಿದ, ನಿಟ್ಟುಸಿರು ಬಿಟ್ಟ.

"ನಾಗಪ್ಪನೋರೆ, ನಿಮ್ಮ ಗಾಡಿ ಈ ಚಪ್ಪಡಿ ಮೇಲೆ ಬಂದ್ರೆ ಚಪ್ಪಡಿ ಇರೋಲ್ಲ. ನಾನು ನೋಟೀಸ್ ಕೊಡ್ಲೇಬೇಕಾಗ್ತದೆ. ಬೇಜಾರು ಮಾಡ್ಕೋಬೇಡಿ. ತೂಕ ಎಷ್ಟು ಬರ್ತದೆ?"

"ತೂಕ ಹೆಚ್ಚಿಲ್ಲ," ಎಂದ ನಾಗಪ್ಪ, ಸತ್ಯವನ್ನು ಸಾಧ್ಯವಾದಷ್ಟು ಹತ್ತಿರಕ್ಕೆ ತಂದು.

"ಅಂದ್ರೆ ಹದಿನೈದು ಟನ್? ಇಪ್ಪತ್ತು?"

"ಅಷ್ಟಿಲ್ಲ ಮಾರಾಯ್ರೆ."

"ನಿಮ್ಮ ವಿನಯ ದೊಡ್ಡದು," ಎಂದು ರೇಣುಕಪ್ಪ ಇಪ್ಪತ್ತು ಬರೆದುಕೊಂಡ.

ವಸಂತಮ್ಮನಿಗೆ ಮಾತ್ರ ಎಲ್ಲ ಗೊತ್ತಿತ್ತು. ಅವಳು ಎರಡು ವರ್ಷದಿಂದ ಆ ಬಾಗಿಲಿನ ಸುತ್ತ ಗುಡಿಸಿದವಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಂಗಾಯ್ತು. ಕುಲಾವಿ ಆನೆ ಅಳತೇಗೆ ಹೊಲಿದಿದಾರೆ, ಕೂಸು ಇಲಿಯಷ್ಟುಂಟು," ಎಂದಳು. "ಈಗ್ಲೂ ಹೇಳ್ಬಿಡಿ. ನಗ್ತಾರೆ. ನಗ್ಲಿ, ಅದು ರೂಢಿ ಆಗಿದೆ."

"ನಾನು ಸುಳ್ಳು ಹೇಳ್ಲಿಲ್ಲ ವಸಂತ. ಪೂಜೆ ಆಗೋದೇ. ಗಾಡಿ ನನ್ನದೇ."

ಆಯುಧಪೂಜೆಯ ದಿನ ಭೈರಪ್ಪ ಹೊಸ ಬಸ್ಸಿನ ತುಂಬ ನೆಂಟರನ್ನು ತುಂಬಿಕೊಂಡು ಬಂದ. ಹಿರೇಕೊಡಿಗೆಯವರು, ಜಯಪುರದವರು, ಜೊತೆಗೆ ನರಸಿಂಹರಾಜಪುರದ ಪ್ರೇಮಕ್ಕ ಎಂಬ ಎಂಬತ್ತರ ಮುದುಕಿ, ವಸಂತಮ್ಮನಿಗೆ ದೊಡ್ಡಮ್ಮ ಆಗಬೇಕಾದವರು. ಓಣಿಯ ಜನ ಗೋಡೆಯ ಮೇಲೆ ಹತ್ತಿ ಕೂತಿದ್ದರು. ಪೂಜೆಗೆ ವಿದ್ಯಾಶಂಕರ ಭಟ್ಟರನ್ನು ಭೈರಪ್ಪನೇ ಶೃಂಗೇರಿಯಿಂದ ಕರೆದುತಂದಿದ್ದ. ಭಟ್ಟರ ಹಿಂದೆ ಒಂದು ಚೀಲ ಬಂತು. ಅದರ ತುಂಬ ನಿಂಬೆಹಣ್ಣು.

"ಮೂವತ್ತೆರಡು ಎಣಿಸಿ ತಂದಿದ್ದೇನೆ. ಮೇಲೆ ಎರಡು ಸ್ಟೆಪ್ನಿಗೆ," ಎಂದರು ಭಟ್ಟರು. "ಎಲ್ಲಿ ನಾಗಪ್ಪನೋರೆ, ವಾಹನ?"

"ಒಳಗುಂಟು."

"ಒಳಗಾ?"

ನಾಗಪ್ಪ ಹಿಂದಿನ ಕೋಣೆಯ ಬಾಗಿಲು ತೆರೆದ. ರೈಲುದಾರಿಯ ಮೇಲೆ ಹೊದಿಸಿದ್ದ ಬಿಳಿ ಪಂಚೆ ಎಳೆದ. ಹಸಿರು ಗುಡ್ಡದ ಬುಡದಲ್ಲಿ, ಹೆಬ್ಬೆಟ್ಟಿನಷ್ಟು ದೊಡ್ಡ ಸ್ಟೇಷನ್ನಿನ ಎದುರು, ಚೆಂಡುಹೂವಿನ ಒಂದೊಂದೇ ಎಸಳು ಸಿಕ್ಕಿಸಿಕೊಂಡು ರೈಲು ನಿಂತಿತ್ತು.

ಹಿಂದಿದ್ದವರು ಮುಂದಿದ್ದವರನ್ನು, "ಕಾಣ್ತಾ ಉಂಟಾ?" ಎಂದು ಕೇಳಿದರು. ಮುಂದಿದ್ದವರು, "ಇನ್ನೂ ಇಲ್ಲ," ಎಂದರು.

ಮೊದಲು ನಕ್ಕವನು ಭೈರಪ್ಪ. ಅವನು ನಕ್ಕ ಮೇಲೆ ಉಳಿದವರಿಗೂ ಅಪ್ಪಣೆ ಸಿಕ್ಕಂತಾಯಿತು. "ಬೆಟ್ಟ ಅಗೆದು ಇಲಿ ಹಿಡಿದ್ರಲ್ಲ ಭಾವ! ಅಯ್ಯೋ ದೇವ್ರೆ, ನಾನು ಬಸ್ಸು ಓಣಿಯಿಂದ ಹೊರಗೆ ನಿಲ್ಸಿದ್ದು ಇದಕ್ಕೆ ಜಾಗ ಬಿಟ್ಟು!"

ಮಹೇಶ್ವರ ನಗಲಿಲ್ಲ. "ನನ್ನ ಹಲಸಿನ ಕೊಂಬೆ," ಎಂದ. ರೇಣುಕಪ್ಪ ಇಪ್ಪತ್ತು ಟನ್ನಿನ ನೋಟೀಸನ್ನು ಕೈಯಲ್ಲಿ ಹಿಡಿದು, ಅದನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಸುತ್ತ ನೋಡಿದ.

"ಗಾಲಿ ಎಣಿಸಿ," ಎಂದ ನಾಗಪ್ಪ.

ಭಟ್ಟರು ಬಾಗಿ ಎಣಿಸಿದರು. "ಮೂವತ್ತೆರಡು ಸರಿ ಉಂಟು," ಎಂದು ಘೋಷಿಸಿದರು. ಅವರು ನ್ಯಾಯಸ್ಥರು. ಕುಂಕುಮ ಹಚ್ಚಿದರು, ಮಂತ್ರ ಹೇಳಿದರು, ಮಂಗಳಾರತಿ ಮಾಡಿದರು. ಎಲ್ಲ ಸರಾಗವಾಗಿ ನಡೆದು, ಕೊನೆಗೆ ಅವರು ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ಹಳಿಯ ಮೇಲೆ, ಎಂಜಿನ್ನಿನ ಎದುರು ಇಟ್ಟರು. ಅದು ಎಂಜಿನ್ನಿನ ಹೊಗೆಕೊಳವೆಯಷ್ಟೇ ಎತ್ತರವಿತ್ತು.

ನಾಗಪ್ಪ ಬ್ಯಾಟರಿಯ ಗುಂಡಿ ತಿರುಗಿಸಿದ. ಎಂಜಿನ್ ಸದ್ದು ಮಾಡುತ್ತ ಹೊರಟು ನಿಂಬೆಹಣ್ಣಿಗೆ ಮೂತಿ ಒತ್ತಿತು. ಹಣ್ಣು ಒಡೆಯಲಿಲ್ಲ, ಉರುಳತೊಡಗಿತು. ಹಿಂದಿನ ಎಂಜಿನ್ನೂ ಬಲ ಕೊಟ್ಟಿತು. ಎರಡೂ ಸೇರಿ ಹಣ್ಣನ್ನು ಏರಿನ ಅರ್ಧಕ್ಕೆ ತಳ್ಳಿಕೊಂಡು ಹೋದವು. ಜನ ನಗುವುದನ್ನು ಮರೆತು, "ಹೋಗ್ಲಿ, ಹೋಗ್ಲಿ," ಎಂದರು. ಅಷ್ಟರಲ್ಲಿ ಹಣ್ಣು ಮನಸ್ಸು ಬದಲಾಯಿಸಿತು. ಅಲ್ಲಿಂದ ತಿರುಗಿ ಉರುಳಿ, ಎಂಜಿನ್ನನ್ನು ಹಳಿಯಿಂದ ಕೆಡವಿ, ಸ್ಟೇಷನ್ ಮಾಸ್ತರನ ಮೇಲೆ ಹಾದು, ಬಾಗಿಲಿನಿಂದ ಕೆಳಗೆ ಬಿದ್ದು, ಭೈರಪ್ಪನ ಕಾಲ ಬಳಿ ಒಂದು ಗಾಯವೂ ಇಲ್ಲದೆ ನಿಂತಿತು.

ಗಾಡಿ ನಿಂಬೆಹಣ್ಣಿನ ಮೇಲೆ ಹೋಗುವುದನ್ನು ಊರು ನೋಡಿತ್ತು. ನಿಂಬೆಹಣ್ಣು ಗಾಡಿಯ ಮೇಲೆ ಹೋಗುವುದನ್ನು ಇದೇ ಮೊದಲು ನೋಡಿದ್ದು. "ಅಪಶಕುನ," ಎಂದು ಯಾರೋ ಅಂದರು. "ಎಂಜಿನ್ ಸಣ್ಣದಾಯ್ತು," ಎಂದು ಇನ್ಯಾರೋ ಅಂದರು. ಎರಡು ನಿಮಿಷದಲ್ಲಿ ಅಲ್ಲಿದ್ದವರೆಲ್ಲ ಎಂಜಿನ್ನಿನ ಅಳತೆಯಲ್ಲಿ ಪಂಡಿತರಾದರು. ಮನೆಗೆ ಹೋಲಿಸಿದರೆ ಸಣ್ಣದು, ಜನಕ್ಕೆ ಹೋಲಿಸಿದರೆ ಸಣ್ಣದು, ಭೈರಪ್ಪನ ಬಸ್ಸಿಗೆ ಹೋಲಿಸಿದರಂತೂ ಕೇಳುವುದೇ ಬೇಡ.

"ಭಾವ, ಅಂಗಡಿಯವ ಬದ್ಲು ಕೊಡ್ತಾನೆ ಅಂದಿದಾನಂತಲ್ಲ?" ಎಂದ ಭೈರಪ್ಪ. ಆ ಚೀಟಿಯ ಸುದ್ದಿಯೂ, ಎಂಥ ಗಾಡಿಯದ್ದೆಂದು ಮಾತ್ರ ತಿಳಿಯದೆ, ಜಯಪುರ ತಲುಪಿತ್ತು. ಬಿದ್ದಿದ್ದ ಎಂಜಿನ್ನನ್ನು ಎರಡು ಬೆರಳಲ್ಲಿ, ಸತ್ತ ಜಿರಲೆ ಎತ್ತುವ ಹಾಗೆ ಎತ್ತಿದ. "ನಾಳೆಗೆ ಹದಿನೈದು ದಿನ ಆಗ್ತದೆ. ಇವತ್ತು ಸಂಜೆ ನಮ್ಮ ಡ್ರೈವರ್ ಬೆಂಗ್ಳೂರಿಗೆ ಹೋಗ್ತಾನೆ. ಒಂದು ನಂಬ್ರ ದೊಡ್ಡದು ತರ್ಸಿಕೊಡ್ತೀನಿ. ನೆಂಟರ ಎದ್ರಿಗೆ ಇಂಥದ್ದು ಇಟ್ಕೊಂಡ್ರೆ ನಮಗೂ ನಾಚಿಕೆ. ಆ ಪೆಟ್ಟಿಗೆ, ಚೀಟಿ ತಗೊಂಡ್ಬಾ ಅಕ್ಕ."

"ದೊಡ್ಡದು ಬೇಡ," ಎಂದ ನಾಗಪ್ಪ.

"ಸುಮ್ನಿರಿ ಭಾವ. ಅಕ್ಕ, ಚೀಟಿ."

ವಸಂತಮ್ಮ ದೇವರ ಗೂಡಿನ ಕೆಳಗಿಟ್ಟಿದ್ದ ಚೀಟಿ ತಂದಳು. ನಾಗಪ್ಪನ ಮುಖ ಬಾಡಿತು; ಮೂವತ್ತು ವರ್ಷ ತಾನು ಕೊಡಿಸಿದ್ದು ಅವಳಿಗೆ ತಲೆ ತಗ್ಗಿಸುವ ಕೆಲಸ ಒಂದನ್ನೇ, ಇವತ್ತು ಅವಳು ತಮ್ಮನ ಮಾತು ಕೇಳಿದರೆ ತಪ್ಪೇನಿದೆ ಎಂದುಕೊಂಡ. ವಸಂತಮ್ಮ ಚೀಟಿಯನ್ನು ಸುರುಳಿ ಸುತ್ತಿದಳು. ದೀಪಕ್ಕೆ ಹಿಡಿದಳು. ಅದು ಹೊತ್ತಿಕೊಂಡ ಮೇಲೆ, ಆ ಬೆಂಕಿಯಿಂದಲೇ ನಾಲ್ಕು ಊದುಬತ್ತಿ ಹಚ್ಚಿ ಸ್ಟೇಷನ್ನಿನ ಪಕ್ಕ ಸಿಕ್ಕಿಸಿದಳು.

"ಕೆಳಗಿಡು," ಎಂದಳು ತಮ್ಮನಿಗೆ.

"ಅಕ್ಕ?"

"ಎಂಜಿನ್ ಕೆಳಗಿಡು ಭೈರಪ್ಪ. ಅದು ನಮ್ಮ ಗಾಡಿ. ಎರಡು ಬೆರಳಲ್ಲಿ ಎತ್ತಬೇಡ. ನಿನ್ನ ಬಸ್ಸಿಗೆ ನಾವು ಕೈಮುಗಿದೀವಿ, ಮೂರು ಸಲ."

ಭೈರಪ್ಪ ಎಂಜಿನ್ನನ್ನು ಎರಡು ಕೈಯಲ್ಲಿ ಹಿಡಿದು ಹಳಿಯ ಮೇಲಿಟ್ಟ. ಬಸ್ಸಿನ ಮಾಲೀಕರೂ ಅಕ್ಕಂದಿರಿಗೆ ತಮ್ಮಂದಿರೇ. ನಾಗಪ್ಪನ ಎದೆಯಲ್ಲಿ ಮೂವತ್ತು ವರ್ಷದ ಕೀಲೊಂದು ಸರಿಯಾಗಿ ಕೂತ ಹಾಗಾಯಿತು. ಅವನು ಎದ್ದು ನಿಂತು ಭಟ್ಟರತ್ತ ತಿರುಗಿದ.

"ಭಟ್ರೆ, ನನ್ನ ಎಂಜಿನ್ ಸಣ್ಣದಲ್ಲ. ನಿಮ್ಮ ನಿಂಬೆಹಣ್ಣು ದೊಡ್ಡದಾಯ್ತು."

ಶೃಂಗೇರಿಯಿಂದ ಬಂದ ನಿಂಬೆಹಣ್ಣಿಗೆ ಕೊಪ್ಪದಲ್ಲಿ ಯಾರೂ ಹೀಗೆ ಅಂದಿರಲಿಲ್ಲ.

"ನಿಂಬೆಹಣ್ಣು ಇಷ್ಟೇ ಗಾತ್ರ ಇರಬೇಕು ಅಂತ ಶಾಸ್ತ್ರದಲ್ಲಿ ಉಂಟಾ?" ಎಂದ ನಾಗಪ್ಪ.

ಭಟ್ಟರು ಕಣ್ಣು ಮುಚ್ಚಿ ಶಾಸ್ತ್ರವನ್ನೆಲ್ಲ ಒಮ್ಮೆ ತಿರುವಿ ಹಾಕಿದರು. ವಾಹನದ ಗಾಲಿಗೆ ನಿಂಬೆ ಇಡುವುದು ಶಾಸ್ತ್ರದಲ್ಲಿ ಎಲ್ಲಿ ಉಂಟು ಎಂಬುದೇ ಅವರಿಗೆ ನೆನಪಾಗಲಿಲ್ಲ. ಅದನ್ನು ಹೇಳಿದರೆ ನಾಳೆಯಿಂದ ಕಷ್ಟ. "ಅಳತೆ ಹೇಳಿಲ್ಲ," ಎಂದರು ಕೊನೆಗೆ. "ನಿಂಬೆ ಆಗಿರಬೇಕು, ಗಾಲಿಯ ಕೆಳಗೆ ಒಡೀಬೇಕು. ಅಷ್ಟೇ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ಹಿರಿಯರೇ ಹೇಳಿದ್ದಾರಲ್ಲ."

ಅಷ್ಟು ಸಾಕಿತ್ತು. ನಾಗಪ್ಪ ಅಂಗಡಿಯ ಚಿಮುಟ ತಂದ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡ. ಒಂದು ನಿಂಬೆಹಣ್ಣಿನ ಸಿಪ್ಪೆ ಸುಲಿದು, ಎಸಳು ಬಿಡಿಸಿ, ಎಸಳಿನ ಒಳಗೆ ಅಕ್ಕಿಕಾಳಿನಂತೆ ರಸ ತುಂಬಿಕೊಂಡು ಕೂತಿರುತ್ತದಲ್ಲ, ಆ ಒಂದೊಂದು ಕಾಳನ್ನು ಒಡೆಯದ ಹಾಗೆ ಚಿಮುಟದಲ್ಲಿ ಎತ್ತಿ ಒಂದೊಂದು ಗಾಲಿಯ ಮುಂದೆ ಇಡತೊಡಗಿದ. ಲೇಡೀಸ್ ವಾಚಿನ ಕೂದಲಿನಂಥ ಸ್ಪ್ರಿಂಗನ್ನು ಮೂವತ್ತೈದು ವರ್ಷ ಎತ್ತಿಟ್ಟ ಕೈ ಅದು.

ಮೂವತ್ತೆರಡು ಕಾಳು ಇಡಲು ಮುಕ್ಕಾಲು ಗಂಟೆ ಹಿಡಿಯಿತು. ಒಬ್ಬರೂ ಎದ್ದು ಹೋಗಲಿಲ್ಲ. ಹತ್ತನೆಯ ಕಾಳಿನ ಹೊತ್ತಿಗೆ ಮಹೇಶ್ವರ ಟಾರ್ಚ್ ಹಿಡಿದು ನಿಂತಿದ್ದ. ಹದಿನೆಂಟನೆಯದರ ಹೊತ್ತಿಗೆ ರೇಣುಕಪ್ಪ, ಗಾಳಿ ಬರದ ಹಾಗೆ ಕಿಟಕಿಗೆ ತನ್ನ ನೋಟೀಸನ್ನೇ ಅಡ್ಡ ಹಿಡಿದಿದ್ದ. "ಉಸಿರು ಬಿಡ್ಬೇಡಿ ಮಾರಾಯ್ರೆ, ಹಾರಿಹೋದೀತು," ಎಂದು ಅವನು ಜನರನ್ನು ಗದರಿಸಿದ. ಅಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದ ಪ್ರೇಮಕ್ಕ ಈಗ ರೈಲುದಾರಿಯ ಬಾಗಿಲಿಗೆ ಕೆನ್ನೆ ತಾಗಿಸಿ ಎಂಜಿನ್ನನ್ನೇ ನೋಡುತ್ತಿದ್ದರು.

"ಇದು ನಮ್ಮೂರ ರೈಲಲ್ವನಾ ನಾಗಪ್ಪ?"

"ಹೌದು ದೊಡ್ಡಮ್ಮ. ಸಣ್ಣದಾಯ್ತಾ?"

"ಅದಕ್ಕೂ ಹಂಗೇ ಅಂತಿದ್ರು," ಎಂದರು ಪ್ರೇಮಕ್ಕ. "ಸಣ್ಣದು ಸಣ್ಣದು ಅಂದು ಅಂದೇ ತೆಗೆದ್ರು. ಆಮೇಲೆ ದೊಡ್ಡದು ಬಂತಾ? ಇಲ್ಲ. ನೀನು ತೆಗೀಬೇಡ."

ನಾಗಪ್ಪ ಗುಂಡಿ ತಿರುಗಿಸಿದ. ಎಂಜಿನ್ ಹೊರಟಿತು. ಮೊದಲ ಕಾಳು ಸೂಜಿಮೊನೆಯಷ್ಟು ಸದ್ದು ಮಾಡಿ ಒಡೆಯಿತು. ಅಷ್ಟು ಜನರಿದ್ದ ಕೋಣೆಯಲ್ಲಿ ಅದು ಕೇಳಿಸಿತು ಎಂದು ಭಟ್ಟರು ಇಂದಿಗೂ ಹೇಳುತ್ತಾರೆ. ಎರಡು, ಮೂರು, ಎಂಟು, ಹದಿನಾರು. ಮೂವತ್ತೆರಡೂ ಒಡೆದವು. ರೈಲು ನಿಂಬೆಯ ವಾಸನೆ ಬಿಡುತ್ತ ಏರು ಹತ್ತಿತು, ಹೊಟ್ಟೆ ಹೊರಗೆ ಹಾಕದೆ ತಿರುವು ತಿರುಗಿತು, ಗುಡ್ಡದ ಹಿಂದೆ ಮರೆಯಾಗಿ ಮತ್ತೆ ಬಂತು. ಗುಡ್ಡ ನಿಜಕ್ಕೂ ದೊಡ್ಡದಾಗಿ ಕಂಡಿತು. ಓಣಿಯ ಗೋಡೆಯ ಮೇಲಿದ್ದವರು ಏನೂ ಕಾಣದಿದ್ದರೂ ಚಪ್ಪಾಳೆ ತಟ್ಟಿದರು.

"ಇಷ್ಟು ಜನ ನೋಡಿದ್ದಾರೆ. ದೃಷ್ಟಿ ತೆಗೀಬೇಕು," ಎಂದರು ಭಟ್ಟರು. ಇಪ್ಪತ್ತು ಟನ್ನಿನ ಗಾಡಿಗೆಂದು ತಂದಿದ್ದ ಬೂದುಗುಂಬಳವನ್ನು ಹೊರಗಿನಿಂದ ಇಬ್ಬರು ಹಿಡಿದು ತಂದರು. ಅದು ಸ್ಟೇಷನ್, ಗುಡ್ಡ, ಅರ್ಧ ಊರು ಸೇರಿದಷ್ಟು ಇತ್ತು. ಮೇಲೆ ಕರ್ಪೂರ ಹಚ್ಚಿದರು. "ಯಾರು ಹಿಡೀತೀರಿ?"

"ನಮ್ಮ ಭೈರಪ್ಪ ಹಿಡೀತಾನೆ," ಎಂದಳು ವಸಂತಮ್ಮ. "ತವರಿನೋನು."

ಭೈರಪ್ಪ ಹಿಡಿದ. ಬಾಗಿಲಿನ ಸುತ್ತ ಜಾಗ ಕಡಿಮೆ. ಅವನ ಹೊಟ್ಟೆ ಒಂದು ಕಡೆ, ಕುಂಬಳಕಾಯಿ ಒಂದು ಕಡೆ. ಗೋಡೆಗೆ ಬೆನ್ನು ಉಜ್ಜುತ್ತ, ಕರ್ಪೂರದ ಬೆಂಕಿಗೆ ಮೀಸೆ ಸಿಗದ ಹಾಗೆ ಮುಖ ತಿರುಗಿಸಿಕೊಂಡು, ಒಂದು ಸುತ್ತು ಬಂದ. "ನಾಯಿ ಕಣ್ಣು, ನರಿ ಕಣ್ಣು," ಎಂದು ಗೊಣಗಿದ. "ಹೋದೋರ ಕಣ್ಣು, ಬಂದೋರ ಕಣ್ಣು."

"ಸಾಲದು," ಎಂದಳು ವಸಂತಮ್ಮ. "ಯಾರ ಕಣ್ಣು ಅಂತ ಸರಿಯಾಗಿ ಹೇಳ್ದಿದ್ರೆ ಇಳಿಯೋದಿಲ್ಲ."

"ಯಾರದ್ದು ಅಕ್ಕ?"

ವಸಂತಮ್ಮ ತಲೆ ಎತ್ತಿ, ತಮ್ಮನ ಮುಖವನ್ನು ನೇರವಾಗಿ ನೋಡುತ್ತ ನಿಂತಳು. ನೆಂಟರೆಲ್ಲ ಅವನನ್ನೇ ನೋಡಿದರು. ಕರ್ಪೂರ ಕರಗಿ ಕುಂಬಳಕಾಯಿ ಬಿಸಿಯಾಗುತ್ತಿತ್ತು.

"ಜಯಪುರದೋರ ಕಣ್ಣು," ಎಂದ ಭೈರಪ್ಪ, ಮೆಲ್ಲಗೆ.

"ಕೇಳ್ಲಿಲ್ಲ."

"ಜಯಪುರದ ಬಸ್ಸಿನೋರ ಕಣ್ಣು!" ಎಂದು ಭೈರಪ್ಪ ಕಿರುಚಿದ್ದು ಓಣಿಯ ಆಚೆ ನಿಂತಿದ್ದ ಅವನ ಡ್ರೈವರಿಗೂ ಕೇಳಿಸಿತು.

"ಹಾಂ," ಎಂದಳು ವಸಂತಮ್ಮ. "ಇನ್ನೆರಡು ಸುತ್ತು ಬಾ."